ಅಂಗವಿಕಲ ವೇತನ: ಅರ್ಜಿ ಕೂತಿರುವುದು ಯಾರ ಲಾಗಿನ್‌ನಲ್ಲಿ?

ಅಂಗವಿಕಲ ವೇತನಕ್ಕೆ ಅರ್ಜಿ ಹಾಕಿ ಐದಾರು ತಿಂಗಳಾಯಿತು, ಇನ್ನೂ ಬಂದಿಲ್ಲ ಎಂದು ತಾಲೂಕು ಕಚೇರಿಯ ಕಿಟಕಿಯಲ್ಲಿ ಕೇಳಿದರೆ ಸಿಗುವ ಉತ್ತರ ‘ಮೇಲಿನಿಂದ ಬರಬೇಕು’. ಮೇಲೆ ಎಂದರೆ ಎಲ್ಲಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಅರಂತೋಡಿನಿಂದಲೋ ಕೊಲ್ಲೂರಿನಿಂದಲೋ ಬಸ್ ಹತ್ತಿ ಬಂದವರು ಅಷ್ಟು ಕೇಳಿಕೊಂಡು ವಾಪಸಾಗುತ್ತಾರೆ. ತಡವಾದ ಅರ್ಜಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರೆ ಬೇರೆಯೇ ಕತೆ. ಬಹಳಷ್ಟು ಅರ್ಜಿಗಳು ಬೆಂಗಳೂರಿನ ಮುಖವನ್ನೇ ನೋಡಿರುವುದಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಯುಡಿಐಡಿಯಲ್ಲಿ (ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿನಲ್ಲಿ) ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇರುವುದರಿಂದ ಇಲ್ಲೇ, ಹೋಬಳಿಯ ಮಟ್ಟದಲ್ಲೇ ಸಿಕ್ಕಿಹಾಕಿಕೊಂಡಿರುತ್ತವೆ.

ಹಾಗಾಗಿ ಅರ್ಜಿ ಹಾಕುವುದು ಕೊನೆಯ ಕೆಲಸ. ಮೊದಲು ಆಧಾರ್ ಸರಿಮಾಡಿಸಬೇಕು, ಆಮೇಲೆ ಬ್ಯಾಂಕ್, ಆಮೇಲೆ ಯುಡಿಐಡಿ, ಆಮೇಲೆ ಆದಾಯ ಪ್ರಮಾಣಪತ್ರ, ಇಷ್ಟಾದ ಮೇಲೆ ನಾಡಕಚೇರಿ. ಹೆಚ್ಚಿನವರು ಮಾಡುವುದು ಇದರ ಉಲ್ಟಾ. ಯಾರೋ ಹೇಳಿದರೆಂದು ಅರ್ಜಿ ಹಾಕಿಬಿಡುತ್ತಾರೆ, ಒಂದೊಂದೇ ಕೊರತೆ ಹೊರಬಿದ್ದ ಹಾಗೆ ಒಂದೊಂದೇ ಸಲ ಓಡುತ್ತಾರೆ.

ಯಾರ ಕೆಲಸ, ಎಷ್ಟು ಹಣ

ಈ ವೇತನ ಕಂದಾಯ ಇಲಾಖೆಯದ್ದು. ಅದರ ಕೆಳಗಿರುವ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯ ಇದನ್ನು ನೋಡಿಕೊಳ್ಳುತ್ತದೆ. ಹೆಸರಿನಲ್ಲಿ ‘ಅಂಗವಿಕಲ’ ಎಂದಿರುವುದರಿಂದ ಜನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ ಹುಡುಕಿಕೊಂಡು ಮಣಿಪಾಲದ ರಜತಾದ್ರಿ, ಅಂದರೆ ಉಡುಪಿಯ ಜಿಲ್ಲಾಡಳಿತ ಸಂಕೀರ್ಣದವರೆಗೂ ಹೋಗುತ್ತಾರೆ. ಅಲ್ಲಿ ಯುಡಿಐಡಿ, ಸಾಧನ ಸಲಕರಣೆ, ವಿದ್ಯಾರ್ಥಿವೇತನದ ವಿಚಾರ ಕೇಳಬಹುದು. ವೇತನ ಮಂಜೂರು ಮಾಡುವ ಅಧಿಕಾರ ಅವರಿಗಿಲ್ಲ. ಅದು ನಾಡಕಚೇರಿಯ ಉಪ ತಹಶೀಲ್ದಾರ್ ಅಥವಾ ತಹಶೀಲ್ದಾರರ ಕೈಯಲ್ಲಿ.

ಶೇಕಡಾ 40ರಿಂದ 75ರವರೆಗಿನ ವೈಕಲ್ಯಕ್ಕೆ ತಿಂಗಳಿಗೆ 800 ರೂಪಾಯಿ, 75 ದಾಟಿದರೆ 1,400. ಬೌದ್ಧಿಕ ವೈಕಲ್ಯದ ತೀವ್ರ ಪ್ರಕರಣಗಳಿಗೆ ಇದಕ್ಕಿಂತ ಹೆಚ್ಚು. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯ ಗೆರೆ ಬೇರೆ ಕಡೆ ಎಳೆದಿದೆ: 18ರಿಂದ 79 ವರ್ಷ, ಬಿಪಿಎಲ್, ಶೇ. 80 ಮತ್ತು ಮೇಲ್ಪಟ್ಟು. ಯುಡಿಐಡಿ ಕಾರ್ಡಿನ ಬಣ್ಣಕ್ಕೂ ಅದೇ 80ರ ಗೆರೆ. ವಿಕಲಚೇತನರ ಹಕ್ಕುಗಳ ನಿಯಮಗಳಿಗೆ 2024ರ ಅಕ್ಟೋಬರಿನಲ್ಲಿ ಆದ ತಿದ್ದುಪಡಿಯಂತೆ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ, 40ರಿಂದ 79ರವರೆಗೆ ಹಳದಿ, 80ರಿಂದ ಮೇಲೆ ನೀಲಿ ಕಾರ್ಡು. 78 ಬಂದವರ ಕೈಯಲ್ಲಿ ಹಳದಿ ಕಾರ್ಡೇ ಇರುತ್ತದೆ, ಆದರೆ ರಾಜ್ಯದ ಲೆಕ್ಕದಲ್ಲಿ ಅವರು 1,400ರ ಸಾಲಿನವರು. ಮಂಜೂರಾತಿ ಆದೇಶ ಕೈಗೆ ಬಂದಾಗ ಮೊತ್ತ ಓದಿ ನೋಡಿ. ಕಾರ್ಡಿನ ಬಣ್ಣ ನೋಡಿ ತೃಪ್ತಿಪಡಬೇಡಿ.

ಇನ್ನೊಂದು ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. 65 ದಾಟಿದ ಮೀನುಗಾರರು, ಕೃಷಿ ಕೂಲಿಯವರು, ಸಣ್ಣ ರೈತರು ಶೇ. 50–60ರ ವೈಕಲ್ಯ ಹಿಡಿದುಕೊಂಡು 800 ರೂಪಾಯಿಗಾಗಿ ಆಸ್ಪತ್ರೆಗೆ ಅಲೆಯುತ್ತಾರೆ. ಅವರಿಗೆ ಹಿರಿಯರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದಲ್ಲಿ 1,200 ಉಂಟು. ವೈದ್ಯಕೀಯ ಮಂಡಳಿಯ ಗೊಡವೆಯೇ ಇಲ್ಲ, ವೈಕಲ್ಯದ ಬದಲು ವಯಸ್ಸಿನ ದಾಖಲೆ ಕೇಳುತ್ತಾರೆ. ಈ ಪಿಂಚಣಿಗಳಲ್ಲಿ ಒಬ್ಬರಿಗೆ ಒಂದೇ ಸಿಗುವುದು, ಆದ್ದರಿಂದ ಯಾವುದು ಲಾಭ ಎಂದು ಮೊದಲೇ ನೋಡಿಕೊಳ್ಳಬೇಕು. ವಿಧವಾ ವೇತನ ಪಡೆಯುತ್ತಿರುವವರಿಗೆ ಶೇ. 75ಕ್ಕಿಂತ ಹೆಚ್ಚಿನ ವೈಕಲ್ಯ ಇದ್ದರೆ ಬದಲಾಯಿಸಿಕೊಳ್ಳುವುದು ಲಾಭವೇ. ಆದರೆ ಹಳೆಯದು ರದ್ದಾಗದೆ ಹೊಸದು ಮಂಜೂರಾಗುವುದಿಲ್ಲ, ನಡುವೆ ಕೆಲವು ತಿಂಗಳು ಎರಡೂ ಇಲ್ಲದೆ ಹೋಗಬಹುದು. ಆ ತಯಾರಿಯಲ್ಲೇ ಹೊರಡಿ.

ಹೆಸರಿನ ಗೋಜಲು

ಕರಾವಳಿಯಲ್ಲಿ ಅರ್ಜಿ ತಡವಾಗುವುದಕ್ಕೆ ಮೊದಲ ಕಾರಣ ಹೆಸರು. ಶಾಲೆಯ ದಾಖಲೆಯಲ್ಲಿ ‘ಗಿರಿಜ’, ಮತದಾರರ ಪಟ್ಟಿಯಲ್ಲಿ ‘ಗಿರಿಜಾ ಪೂಜಾರ್ತಿ’, ಆಧಾರ್‌ನಲ್ಲಿ ‘ಗಿರಿಜಾ ಪೂಜಾರಿ’, ಬ್ಯಾಂಕಿನಲ್ಲಿ ಗಂಡನ ಹೆಸರಿನ ಮೊದಲಕ್ಷರ ಸೇರಿ ‘ಗಿರಿಜ ಕೆ’. ಊರಿನವರಿಗೆ ನಾಲ್ಕೂ ಒಬ್ಬರೇ, ಕಂಪ್ಯೂಟರಿಗೆ ನಾಲ್ಕು ಜನ. ಶೆಟ್ಟಿ–ಶೆಡ್ತಿ, ಆಚಾರ್ಯ–ಆಚಾರ್ತಿ ಇದೇ ಕತೆ. ಬ್ಯಾರಿ ಕುಟುಂಬಗಳಲ್ಲಿ ಮೊಯ್ದಿನ್ ಒಂದು ಕಡೆ ಮೊಹಿಯುದ್ದೀನ್ ಆಗಿರುತ್ತದೆ, ಬೀಫಾತಿಮ ಇನ್ನೊಂದು ಕಡೆ ಫಾತಿಮಾ ಬಿ. ಡಿಸೋಜ, ಡಿಸಿಲ್ವ ಎಂಬ ಹೆಸರುಗಳಲ್ಲಿ ಡಿ ಆದ ಮೇಲೆ ಒಂದು ಕಡೆ ಚುಕ್ಕೆಯಂಥ ಗುರುತು, ಇನ್ನೊಂದು ಕಡೆ ಖಾಲಿ ಜಾಗ, ಮತ್ತೊಂದು ಕಡೆ ಎರಡೂ ಇಲ್ಲ. ಕಂಪ್ಯೂಟರ್ ಹೋಲಿಸುವುದು ಇಂಗ್ಲಿಷ್ ಕಾಗುಣಿತವನ್ನು. ಲಕ್ಷ್ಮಿಗೆ ‘ಕೆ–ಎಸ್’ ಹಾಕಿದವರೂ ಇದ್ದಾರೆ, ‘ಎಕ್ಸ್’ ಹಾಕಿದವರೂ ಇದ್ದಾರೆ.

ಪರಿಹಾರ ಒಂದೇ: ಆಧಾರ್‌ನಲ್ಲಿರುವ ಹೆಸರನ್ನು ತಾಯಿಬೇರು ಎಂದು ಇಟ್ಟುಕೊಂಡು ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸುವುದು. ಆಧಾರ್‌ನಲ್ಲೇ ತಪ್ಪಿದ್ದರೆ ಮಾತ್ರ ಅದನ್ನು ಮುಟ್ಟಿ, ಯಾಕೆಂದರೆ ಅಲ್ಲಿ ಹೆಸರು ಬದಲಾಯಿಸಲು ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಹುಟ್ಟಿದ ವರ್ಷ ಮಾತ್ರ ಇರುವ ಹಳೆಯ ಆಧಾರ್‌ಗಳಿಗೆ ದಿನಾಂಕ ಹಾಕಿಸುವಾಗ ಯುಡಿಐಡಿ ಅರ್ಜಿಯಲ್ಲಿ ಏನು ಕೊಟ್ಟಿದ್ದೀರಿ ಎಂದು ನೋಡಿಕೊಂಡೇ ಹಾಕಿಸಬೇಕು. ಒಂದು ಕಡೆ ಜನವರಿ 1, ಇನ್ನೊಂದು ಕಡೆ ಜೂನ್ 1 ಆದರೆ ಮತ್ತೆ ಅದೇ ಗೋಳು.

ಬೆರಳಚ್ಚಿನದ್ದು ಇನ್ನೊಂದು ತಾಪತ್ರಯ. ಮೂವತ್ತು ವರ್ಷ ಬೀಡಿ ಕಟ್ಟಿದವರ ಹೆಬ್ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ಅಂಥವರು ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಿಸಿ, ಕಣ್ಣಿನ ಪಾಪೆಯ ಸ್ಕ್ಯಾನ್ ಸರಿಯಾಗಿ ದಾಖಲಾಗಿದೆಯೇ ಎಂದು ಕೇಳಿಕೊಳ್ಳಬೇಕು. ಮೊಬೈಲ್ ನಂಬರ್ ಜೋಡಿಸಿದ್ದರೆ ಒಟಿಪಿಯ ದಾರಿಯೂ ಇರುತ್ತದೆ. ಮಕ್ಕಳಿಗೆ 5ನೇ ಮತ್ತು 15ನೇ ವಯಸ್ಸಿನಲ್ಲಿ ಬಯೋಮೆಟ್ರಿಕ್ ನವೀಕರಣ ಕಡ್ಡಾಯ. ಅದು ಆಗದಿದ್ದರೆ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ತಾಳೆ) ವಿಫಲ ಎಂದು ಬರುತ್ತದೆ. ಅರ್ಜಿ ಹಾಕುವವರು ಸರ್ವರ್ ಸರಿ ಇಲ್ಲ ಎಂದುಕೊಂಡು ವಾರಗಟ್ಟಲೆ ಕಾಯುತ್ತಾರೆ.

ಬ್ಯಾಂಕ್: ಖಾತೆ ಇದೆ, ಹಣ ಬರುವ ದಾರಿ ಇಲ್ಲ

ವೇತನ ಈಗ ಖಜಾನೆಯಿಂದ ನೇರ ನಗದು ವರ್ಗಾವಣೆಯಲ್ಲಿ, ಆಧಾರ್ ಸಂಖ್ಯೆಯನ್ನೇ ವಿಳಾಸ ಮಾಡಿಕೊಂಡು ಹೋಗುತ್ತದೆ. ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟಿದ್ದೇವೆ, ಹಣ ಅಲ್ಲಿಗೇ ಬರುತ್ತದೆ ಎಂದು ನಂಬಿ ಕೂರಬೇಡಿ. ಆ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕ್ ಎಂದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಬರೆದಿದೆಯೋ ಅಲ್ಲಿಗೆ ಬರುತ್ತದೆ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್, ಕೊನೆಗೆ ಯಾವುದನ್ನು ಜೋಡಿಸಿದ್ದೀರೋ ಅದು. ಗ್ಯಾರಂಟಿ ಯೋಜನೆಗೆಂದೋ ಉದ್ಯೋಗ ಖಾತ್ರಿಗೆಂದೋ ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆರೆದು ಮರೆತವರ ವೇತನ ಆ ಖಾತೆಯಲ್ಲಿ ಬಂದು ಬಿದ್ದಿರುತ್ತದೆ. ಮನೆಯವರು ಹಳೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ‘ಬರಲಿಲ್ಲ’ ಎನ್ನುತ್ತಾರೆ. ದೂರು ಕೊಡುವ ಮೊದಲು ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಯಿತು ಎಂಬುದೂ ಸಿಗುತ್ತದೆ.

ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎಂದರೆ ಅರ್ಧ ಮಾತು. ಕೆವೈಸಿಗಾಗಿ ಆಧಾರ್ ದಾಖಲಿಸುವುದು ಬೇರೆ, ಸರ್ಕಾರಿ ಹಣ ಬರಲು ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು ಬೇರೆ. ಎರಡನೆಯದಕ್ಕೆ ಪ್ರತ್ಯೇಕ ಒಪ್ಪಿಗೆ ಫಾರ್ಮು ಉಂಟು. ಅದನ್ನೇ ಕೇಳಿ ತುಂಬಿಸಿ ಕೊಡಬೇಕು. ‘ಎನ್‌ಪಿಸಿಐ ಮ್ಯಾಪಿಂಗ್ ಮಾಡಿ ಕೊಡಿ’ ಎಂದು ಅದೇ ಶಬ್ದದಲ್ಲಿ ಹೇಳಿ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ಇನ್ನೊಂದು ವಿಶೇಷ ತೊಡಕು. ಇಲ್ಲೇ ಹುಟ್ಟಿ ಬೆಳೆದ ಮೂರು ಬ್ಯಾಂಕುಗಳು ಬೇರೆಯವುಗಳಲ್ಲಿ ಸೇರಿಹೋದವು: 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಹಳೆ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಹಾಕಿ ತುಂಬಿದ ಅರ್ಜಿ ಈಗಲೂ ಕಣ್ಣಿಗೆ ಬೀಳುತ್ತದೆ. ಹೊಸ ಪಾಸ್‌ಬುಕ್ ಮಾಡಿಸಿಕೊಂಡೇ ಅರ್ಜಿಗೆ ಕೂರಿ. ಊರಿನ ವ್ಯವಸಾಯ ಸೇವಾ ಸಹಕಾರಿ ಸಂಘದ ಉಳಿತಾಯ ಖಾತೆ ಇದಕ್ಕೆ ಆಗುವುದಿಲ್ಲ. ಸೊಸೈಟಿ ಎಷ್ಟೇ ಹತ್ತಿರ ಇರಲಿ, ಆಧಾರ್ ಪಾವತಿಯ ಜಾಲದಲ್ಲಿ ಇರುವ ಬ್ಯಾಂಕ್ ಅಥವಾ ಅಂಚೆ ಪೇಮೆಂಟ್ಸ್ ಬ್ಯಾಂಕ್ ಬೇಕು. ಹಾಸಿಗೆ ಹಿಡಿದವರಿಗೆ ಅಂಚೆಯದ್ದೇ ಒಳ್ಳೆಯದು, ಪೋಸ್ಟ್‌ಮ್ಯಾನ್ ಮನೆಬಾಗಿಲಲ್ಲಿ ಹಣ ತೆಗೆದುಕೊಡುತ್ತಾರೆ. ಅಲ್ಲೂ ಬೆರಳಚ್ಚು ಬೇಕಾಗುತ್ತದೆ ಎಂಬುದು ನೆನಪಿರಲಿ.

ಮಕ್ಕಳ ವೇತನದಲ್ಲಿ ಪದೇ ಪದೇ ಆಗುವ ತಪ್ಪು: ತಾಯಿ–ಮಗುವಿನ ಜಂಟಿ ಖಾತೆ ತೆರೆದು ತಾಯಿಯ ಆಧಾರ್ ಜೋಡಿಸುವುದು. ವೇತನ ಮಗುವಿನದ್ದು, ಹುಡುಕುವುದು ಮಗುವಿನ ಆಧಾರ್ ಸಂಖ್ಯೆಯನ್ನು. ಖಾತೆಯಲ್ಲಿ ಮಗುವಿನ ಹೆಸರು ಮೊದಲು ಇರಬೇಕು, ಅದರ ಆಧಾರ್ ಸೀಡ್ ಆಗಿರಬೇಕು.

ಯುಡಿಐಡಿಯಲ್ಲಿ ಕಳೆಯುವ ತಿಂಗಳುಗಳು

2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರವನ್ನು ಕೇಂದ್ರದ ಯುಡಿಐಡಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್ ಮೂಲಕವೇ ಕೊಡಬೇಕು. ಅದಕ್ಕಿಂತ ಹಿಂದಿನ ಕೈಬರಹದ ಪ್ರಮಾಣಪತ್ರ, ಹಳೆ ಗುರುತಿನ ಪುಸ್ತಕ ಇಟ್ಟುಕೊಂಡವರು ಅದನ್ನೇ ಅಪ್‌ಲೋಡ್ ಮಾಡಿ ಹೊಸ ಸಂಖ್ಯೆ ಪಡೆಯಬೇಕು. ಹಳೆಯದರಲ್ಲಿ ವೈದ್ಯರ ಸಹಿ, ಮೊಹರು, ಶೇಕಡಾವಾರು ಸ್ಪಷ್ಟ ಕಾಣದಿದ್ದರೆ ಮತ್ತೆ ತಪಾಸಣೆ ತಪ್ಪಿದ್ದಲ್ಲ. ಕೊಡೆಯ ಬುಡದಲ್ಲಿ ಮಡಚಿಟ್ಟ ಕಾಗದ ಮಳೆಗೆ ಒದ್ದೆಯಾಗಿ ಸಹಿಯೇ ಹರಡಿರುತ್ತದೆ. ಸ್ಕ್ಯಾನ್ ಮಾಡುವ ಮೊದಲು ಬಿಸಿಲಿಗೆ ಒಣಗಿಸಿ, ಚಪ್ಪಟೆ ಮಾಡಿ, ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ.

ಹೊಸದಾಗಿ ಅರ್ಜಿ ಹಾಕುವವರು ಆಸ್ಪತ್ರೆಯನ್ನು ಆಯ್ಕೆ ಮಾಡಬೇಕಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಮಂಗಳೂರಿನ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಎಂದು ಎಲ್ಲರೂ ಕಣ್ಣುಮುಚ್ಚಿ ಒತ್ತುತ್ತಾರೆ. ಕೈಕಾಲಿನ ವೈಕಲ್ಯಕ್ಕೆ ಹತ್ತಿರದ ತಾಲೂಕು ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿ ಇದೆಯೇ ನೋಡಿ; ಇದ್ದರೆ ಅಷ್ಟು ದೂರದ ಬಸ್ಸು, ಅಷ್ಟು ಉದ್ದದ ಸರದಿ ಎರಡೂ ತಪ್ಪುತ್ತವೆ. ಕಿವಿ, ಬೌದ್ಧಿಕ ಮತ್ತು ಮಾನಸಿಕ ವೈಕಲ್ಯಕ್ಕೆ ಮಾತ್ರ ಪರೀಕ್ಷೆಯ ಸಲಕರಣೆ, ತಜ್ಞರು ಎಲ್ಲ ಕಡೆ ಇರುವುದಿಲ್ಲ. ಯಾವ ವಾರ ಯಾವ ವಿಭಾಗ ಎಂದು ಫೋನಿನಲ್ಲಿ ವಿಚಾರಿಸಿಯೇ ಮನೆ ಬಿಡಬೇಕು. ಮೊದಲು ಪ್ರಮಾಣಪತ್ರ ಕೊಡಲು ಒಂದು ತಿಂಗಳ ಗಡುವಿತ್ತು, 2024ರ ತಿದ್ದುಪಡಿಯಲ್ಲಿ ಅದು ಮೂರು ತಿಂಗಳಾಯಿತು. ಒಂದೇ ತಿಂಗಳಲ್ಲಿ ಸಿಗಬೇಕೆಂದು ಕಿಟಕಿಯಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಬರಿಗೈಯಲ್ಲಿ ಹೋದರೆ ಇನ್ನೊಂದು ದಿನ ಬರಹೇಳುತ್ತಾರೆ. ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಆಡಿಯೋಗ್ರಾಂ (ಕಿವಿ ಪರೀಕ್ಷೆಯ ವರದಿ), ನಡೆಯುತ್ತಿರುವ ಔಷಧದ ಚೀಟಿ ಜೊತೆಗಿರಲಿ. ಪಾರ್ಶ್ವವಾಯುವಾಗಿ ಎರಡು ತಿಂಗಳಿಗೆ ಹೊತ್ತುಕೊಂಡು ಹೋಗಬೇಡಿ. ನರ ಸಂಬಂಧಿ ತೊಂದರೆಗೆ ಆರು ತಿಂಗಳು ಕಳೆದ ಮೇಲೆಯೇ ಅಳೆಯುವ ಕ್ರಮ, ಅಷ್ಟರಲ್ಲಿ ಎಷ್ಟು ಗುಣವಾಗುತ್ತದೆ ಎಂದು ನೋಡುವುದಕ್ಕೆ. ಕಿಡ್ನಿ ವೈಫಲ್ಯ, ಹೃದಯದ ಕಾಯಿಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಇಲ್ಲ. ಡಯಾಲಿಸಿಸ್ ಚೀಟಿ ಹಿಡಿದು ಈ ಸಾಲಿನಲ್ಲಿ ನಿಲ್ಲುವುದು ವ್ಯರ್ಥ. ಪಾರ್ಕಿನ್ಸನ್ ಉಂಟು, ಮಲ್ಟಿಪಲ್ ಸ್ಕ್ಲಿರೋಸಿಸ್ ಉಂಟು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ ಶೇ. 30 ಮಾತ್ರ ಬರುತ್ತದೆ, ವೇತನಕ್ಕೆ ಸಾಲದು. ಇದು ಕ್ರೂರವಾಗಿ ಕಾಣುತ್ತದೆ, ಆದರೆ ವೈದ್ಯರ ಇಚ್ಛೆಯಲ್ಲ, ಮಾರ್ಗಸೂಚಿಯ ಅಂಕಿ.

ಎರಡು ವೈಕಲ್ಯ ಇದ್ದವರು ಇಲ್ಲಿ ಸ್ವಲ್ಪ ನಿಂತು ಓದಿ. ಕಾಲಿನದ್ದು 60, ಕಿವಿಯದ್ದು 40, ಒಟ್ಟು ನೂರು ಎಂದು ಮನೆಯಲ್ಲಿ ಲೆಕ್ಕ ಹಾಕಿ ಹೋಗುತ್ತಾರೆ. ಮಂಡಳಿಯ ಲೆಕ್ಕ ಹಾಗಿಲ್ಲ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಂಡು, 90ರಿಂದ ಅದನ್ನು ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ ದೊಡ್ಡದಕ್ಕೆ ಕೂಡಿಸುತ್ತಾರೆ. ಅಂದರೆ 90ರಲ್ಲಿ 60 ಹೋಗಿ 30. 30ನ್ನು 40ರಿಂದ ಗುಣಿಸಿದರೆ 1,200. 90ರಿಂದ ಭಾಗಿಸಿದರೆ 13 ಚಿಲ್ಲರೆ. 60ಕ್ಕೆ ಕೂಡಿಸಿದರೆ ಸುಮಾರು 73. ಎರಡು ಪಾಯಿಂಟಿನಲ್ಲಿ 1,400 ಕೈತಪ್ಪಿ 800 ಆಗುತ್ತದೆ. ಕಿವಿಯ ಪರೀಕ್ಷೆಯಲ್ಲಿ 50 ಬಂದಿದ್ದರೆ ಸುಮಾರು 77 ಆಗುತ್ತಿತ್ತು. ಅದಕ್ಕೇ ಆಡಿಯೋಗ್ರಾಂ ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಂಡು ಹೋಗುವುದು ದುಡ್ಡಿಗೆ ಬೆಲೆಯ ಕೆಲಸ. ಇನ್ನೊಂದು, ಆನ್‌ಲೈನ್ ಅರ್ಜಿಯಲ್ಲಿ ಎರಡೂ ವಿಧಗಳನ್ನು ಮೊದಲೇ ಗುರುತು ಮಾಡಿರಬೇಕು. ಒಂದನ್ನೇ ಹಾಕಿದರೆ ಆ ವಿಭಾಗದ ವೈದ್ಯರು ಮಾತ್ರ ನೋಡಿ ಮುಗಿಸುತ್ತಾರೆ.

ಬೌದ್ಧಿಕ ವೈಕಲ್ಯದಲ್ಲಿ ಶೇಕಡಾವಾರು ಮೆಟ್ಟಿಲು ಮೆಟ್ಟಿಲಾಗಿದೆ: ಸೌಮ್ಯಕ್ಕೆ 50, ಮಧ್ಯಮಕ್ಕೆ 75, ತೀವ್ರಕ್ಕೆ 90, ಅತಿ ತೀವ್ರಕ್ಕೆ 100. ಮಧ್ಯಮ ಸರಿಯಾಗಿ 75ರ ಗೆರೆಯ ಮೇಲೆಯೇ ಕೂತಿರುವುದನ್ನು ಗಮನಿಸಿ. ಅಂಥ ಮಕ್ಕಳ ಮಂಜೂರಾತಿ ಯಾವ ಸಾಲಿಗೆ ಬಿದ್ದಿದೆ ಎಂದು ಆದೇಶದಲ್ಲಿ ನೋಡಲೇಬೇಕು. ಪ್ರಮಾಣಪತ್ರದಲ್ಲಿ ‘ತಾತ್ಕಾಲಿಕ’ ಎಂದಿದ್ದರೆ ಪಕ್ಕದಲ್ಲೇ ಅವಧಿ ಮುಗಿಯುವ ತಾರೀಕು ಇರುತ್ತದೆ. ಕ್ಯಾಲೆಂಡರಿನಲ್ಲಿ ಅದಕ್ಕಿಂತ ನಾಲ್ಕು ತಿಂಗಳು ಹಿಂದಿನ ದಿನಕ್ಕೆ ಗುರುತು ಹಾಕಿಡಿ.

ಯುಡಿಐಡಿ ಸಂಖ್ಯೆ ಕೆಎ ಎಂದು ಶುರುವಾಗುವ 18 ಅಕ್ಷರ–ಅಂಕೆಗಳದ್ದು. ಪೋರ್ಟಲ್ ಮೊದಲು ಕೊಡುವ ನೋಂದಣಿ ಸಂಖ್ಯೆಯನ್ನೇ ಯುಡಿಐಡಿ ಎಂದು ವೇತನದ ಅರ್ಜಿಯಲ್ಲಿ ಬರೆದವರ ಅರ್ಜಿ ಮುಂದೆ ಹೋಗುವುದಿಲ್ಲ. ಕಾರ್ಡು ಅಂಚೆಯಲ್ಲಿ ಬರುವವರೆಗೆ ಕಾಯಬೇಕಾಗಿಲ್ಲ, ಪೋರ್ಟಲಿನಲ್ಲಿ ಇಳಿಸಿಕೊಂಡ ಪ್ರತಿ ಸಾಕು. ಇದೆಲ್ಲ ಕಷ್ಟ ಎನಿಸಿದರೆ ಗ್ರಾಮ ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನರ ಬಾಯಲ್ಲಿ ‘ವಿಆರ್‌ಡಬ್ಲ್ಯು’. ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ‘ಎಂಆರ್‌ಡಬ್ಲ್ಯು’. ಅವರೂ ವಿಕಲಚೇತನರೇ, ಈ ದಾರಿ ತುಳಿದು ಬಂದವರು. ಸೈಬರಿನಲ್ಲಿ ದುಡ್ಡು ಕೊಟ್ಟು ತಪ್ಪು ತುಂಬಿಸುವ ಬದಲು ಮೊದಲು ಅವರನ್ನು ಕೇಳಿ.

(ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಎಂಡೋಸಲ್ಫಾನ್ ಬಾಧಿತರ ಪಟ್ಟಿ, ವೇತನ, ಶಿಬಿರ ಎಲ್ಲ ಪ್ರತ್ಯೇಕ. ಆ ಪಟ್ಟಿಯಲ್ಲಿ ಹೆಸರಿದ್ದವರು ಈ ಅರ್ಜಿ ಹಾಕಿ ಗೊಂದಲ ಮಾಡಿಕೊಳ್ಳಬೇಡಿ.)

ನಾಡಕಚೇರಿಯಿಂದ ಮುಂದೆ

ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಬಿಪಿಎಲ್ ಕಾರ್ಡಿಗೆ ಮಿತಿ 1,20,000. ಬಿಪಿಎಲ್ ಇದೆ, ಮತ್ತೆ ಎಂತ ಬೇಕು ಎಂದುಕೊಂಡವರ ಅರ್ಜಿ ಇಲ್ಲಿ ಬೀಳುತ್ತದೆ. ಯಾವಾಗಲೋ ಮಗಳ ಸ್ಕಾಲರ್‌ಶಿಪ್ಪಿಗೆಂದು ಮಾಡಿಸಿದ ಆದಾಯ ಪ್ರಮಾಣಪತ್ರದಲ್ಲಿ 60,000 ಎಂದಿರುತ್ತದೆ, ಅದಕ್ಕೆ ಐದು ವರ್ಷದ ಆಯುಸ್ಸು. ಕಂಪ್ಯೂಟರಿನಲ್ಲಿ ಆ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದ ಕೂಡಲೇ ಅದೇ ಎದುರಿಗೆ ಬರುತ್ತದೆ. ಈಗ ಆದಾಯ ಕಡಿಮೆಯಾಗಿದ್ದರೆ, ದುಡಿಯುವವರೇ ಹಾಸಿಗೆ ಹಿಡಿದಿದ್ದರೆ, ಹೊಸ ಆದಾಯ ಪ್ರಮಾಣಪತ್ರ ಮೊದಲು ಮಾಡಿಸಿ. ವೇತನದ ಅರ್ಜಿ ಆಮೇಲೆ. ದಿನಗೂಲಿಯವರ ಮನೆಯಲ್ಲೂ 32,000 ದಾಟದಿರುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತು, ತನಿಖೆಗೆ ಬರುವವರಿಗೂ ಗೊತ್ತು. ಮಿತಿಯೇ ಹಾಗಿದೆ.

ಹೋಬಳಿ ಆರಿಸುವಾಗ ಎಚ್ಚರ. ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ, ಕಡಬ, ಮೂಡುಬಿದಿರೆ, ಮೂಲ್ಕಿ, ಉಳ್ಳಾಲ ಎಲ್ಲ ಇತ್ತೀಚೆಗೆ ತಾಲೂಕುಗಳಾದವು. ಆಧಾರ್‌ನಲ್ಲಿ ಇನ್ನೂ ಹಳೆ ತಾಲೂಕೇ ಇರುತ್ತದೆ. ಕೋಟ ಹೋಬಳಿಯವರು ಆಧಾರ್ ನೋಡಿ ಉಡುಪಿ ತಾಲೂಕು ಎಂದು ಹಾಕಿದರೆ ಗ್ರಾಮದ ಹೆಸರೇ ಪಟ್ಟಿಯಲ್ಲಿ ಸಿಗುವುದಿಲ್ಲ, ಹೆಸರು ಹತ್ತಿರವಿರುವ ಬೇರೆ ಗ್ರಾಮ ಒತ್ತಿಬಿಡುತ್ತಾರೆ. ಆ ಅರ್ಜಿ ಸಂಬಂಧವಿಲ್ಲದ ಗ್ರಾಮ ಆಡಳಿತ ಅಧಿಕಾರಿಯ ಲಾಗಿನ್‌ಗೆ ಹೋಗಿ ಕೂರುತ್ತದೆ. ಅವರು ‘ನನ್ನ ವ್ಯಾಪ್ತಿಯಲ್ಲ’ ಎಂದು ಬರೆಯುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

ಅರ್ಜಿ ನಡೆಯುವ ದಾರಿ ಹೀಗೆ: ನಾಡಕಚೇರಿ, ಗ್ರಾಮ ಒನ್ ಅಥವಾ ಸೇವಾ ಸಿಂಧುವಿನಲ್ಲಿ ಸಲ್ಲಿಕೆ, ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಮ್ಮ ವಿಎ, ಸ್ಥಳ ತನಿಖೆ, ಮುಂದೆ ಕಂದಾಯ ನಿರೀಕ್ಷಕರ ಶಿಫಾರಸು, ಆಮೇಲೆ ಮಂಜೂರಾತಿ. ಹೆಚ್ಚು ಹೊತ್ತು ನಿಲ್ಲುವುದು ವಿಎ ಲಾಗಿನ್‌ನಲ್ಲಿ. ಒಬ್ಬರಿಗೆ ಎರಡು–ಮೂರು ಗ್ರಾಮಗಳ ಪ್ರಭಾರ, ಮಳೆಗಾಲದಲ್ಲಿ ಮನೆಹಾನಿ ವರದಿ, ಆಮೇಲೆ ಬೆಳೆ ಸಮೀಕ್ಷೆ, ನಡುವೆ ಚುನಾವಣೆ. ಕೆಲಸದ ಹೊರೆಯ ವಿರುದ್ಧ ಅವರೇ 2024ರ ಸೆಪ್ಟೆಂಬರಿನಲ್ಲೂ 2025ರ ಫೆಬ್ರವರಿಯಲ್ಲೂ ರಾಜ್ಯವಿಡೀ ಮುಷ್ಕರ ಹೂಡಿದ್ದರು. ಸಾಧ್ಯವಾದರೆ ಮೇ ಕೊನೆಯ ಮೊದಲೇ ಅರ್ಜಿ ಹಾಕುವುದು ಜಾಣತನ. ತನಿಖೆಗೆ ಬಂದಾಗ ಬೀಗ ಕಂಡರೆ ‘ವಾಸವಿಲ್ಲ’ ಎಂದು ಬರೆಯುತ್ತಾರೆ. ಮುಂಬಯಿಯ ಮಗನ ಮನೆಗೋ ತರವಾಡು ಮನೆಗೋ ಹೋಗುವವರು ಉಗ್ರಾಣಿಗೆ ಒಂದು ಮಾತು ತಿಳಿಸಿ ಹೋಗಿ.

ಸ್ವೀಕೃತಿ ಚೀಟಿಯನ್ನು ಗೋಡೆಗೆ ಅಂಟಿಸಿಡಿ. ಅದರಲ್ಲಿ ಸಕಾಲ (ಗಡುವಿನೊಳಗೆ ಸೇವೆ ಕೊಡುವ ಸರ್ಕಾರಿ ವ್ಯವಸ್ಥೆ) ಸಂಖ್ಯೆ ಇರುತ್ತದೆ, ಕೊನೆಯ ದಿನಾಂಕವೂ ಇರುತ್ತದೆ. ಈ ವೇತನಕ್ಕೆ 45 ಕೆಲಸದ ದಿನ. ಭಾನುವಾರ, ರಜೆ ಬಿಟ್ಟು ಎಣಿಸಿದರೆ ಎರಡು ತಿಂಗಳಿಗೆ ಮೇಲಾಗುತ್ತದೆ. ಅದು ದಾಟಿದರೆ ಸಕಾಲದಲ್ಲಿ ಮೇಲ್ಮನವಿ ಹಾಕಬಹುದು, ತಡವಾದ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಹಣಕ್ಕಾಗಿ ಅಲ್ಲ, ಮೇಲ್ಮನವಿ ದಾಖಲಾದರೆ ಆ ಅರ್ಜಿ ಮೇಲಧಿಕಾರಿಯ ಪಟ್ಟಿಯಲ್ಲಿ ಕಾಣಿಸುತ್ತದೆ ಎಂಬುದಕ್ಕಾಗಿ ಹಾಕಬೇಕು. ಸುಮ್ಮನೆ ಕಿಟಕಿಗೆ ಹೋಗಿ ಬಂದದ್ದು ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಕೊಟ್ಟರೂ ಒಂದು ಸಂಖ್ಯೆ ಕೊಡುತ್ತಾರೆ.

ಅರ್ಜಿ ಎಲ್ಲಿದೆ ಎಂದೇ ತಿಳಿಯದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಲಗತ್ತಿಸಿದರಾಯಿತು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ‘ಯಾಕೆ ತಡವಾಯಿತು’ ಎಂದು ಕೇಳಬೇಡಿ. ಕಾರಣ ಹೇಳುವುದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. ತಾಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆದರೆ ಸಾಕು:

‘ಅಂಗವಿಕಲ ವೇತನ ಕೋರಿ ದಿನಾಂಕ … ರಂದು ಸಲ್ಲಿಸಿದ ಅರ್ಜಿ ಸಂಖ್ಯೆ … ಕ್ಕೆ ಸಂಬಂಧಿಸಿ, ಸ್ವೀಕರಿಸಿದ ದಿನದಿಂದ ಇಂದಿನವರೆಗೆ ಅರ್ಜಿಯು ಯಾವ ಯಾವ ಅಧಿಕಾರಿಯ ಲಾಗಿನ್‌ನಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇತ್ತು ಎಂಬ ವಿವರ, ಗ್ರಾಮ ಆಡಳಿತ ಅಧಿಕಾರಿ ಹಾಗೂ ಕಂದಾಯ ನಿರೀಕ್ಷಕರ ವರದಿಗಳ ದೃಢೀಕೃತ ಪ್ರತಿ ಒದಗಿಸಬೇಕು.’

ಉತ್ತರಕ್ಕೆ 30 ದಿನ. ಎಷ್ಟೋ ಸಲ ಉತ್ತರಕ್ಕಿಂತ ಮೊದಲು ಮಂಜೂರಾತಿಯೇ ಬಂದುಬಿಡುತ್ತದೆ. ಅದು ಬೇರೆ ತಮಾಷೆ.

ಮಂಜೂರಾದ ಮೇಲೆ, ಬಂದದ್ದು ನಿಂತ ಮೇಲೆ

ಮಂಜೂರಾತಿ ಆದೇಶ ಬಂದ ತಿಂಗಳೇ ಹಣ ಬರುವುದಿಲ್ಲ. ಖಜಾನೆಯ ತಂತ್ರಾಂಶದಲ್ಲಿ ಫಲಾನುಭವಿಯ ಸಂಖ್ಯೆ ಹುಟ್ಟಬೇಕು, ಆಧಾರ್ ತಾಳೆಯಾಗಬೇಕು, ಆಮೇಲೆ ಬಿಲ್ಲು. ಎರಡು ತಿಂಗಳು ನೋಡಿ. ಬಾರದಿದ್ದರೆ ಆದೇಶದ ಪ್ರತಿ ಹಿಡಿದು ತಾಲೂಕು ಕಚೇರಿಯ ಪಿಂಚಣಿ ವಿಭಾಗದಲ್ಲಿ ‘ಖಜಾನೆಯಿಂದ ತಿರಸ್ಕೃತವಾಗಿದೆಯೇ, ಕಾರಣದ ಸಂಕೇತ ಏನು’ ಎಂದು ಕೇಳಬೇಕು. ಹಣ ಎಣಿಕೆಯಾಗುವುದು ಆದೇಶದಲ್ಲಿ ಬರೆದ ದಿನಾಂಕದಿಂದ, ಅರ್ಜಿ ಹಾಕಿದ ದಿನದಿಂದಲ್ಲ. ತಡಕ್ಕೆ ಬೆಲೆ ತೆರುವುದು ಅರ್ಜಿದಾರರೇ.

ವರ್ಷಗಟ್ಟಲೆ ಬರುತ್ತಿದ್ದದ್ದು ನಿಂತಾಗ ಮೊದಲು ತಿಳಿಯಬೇಕಾದದ್ದು ‘ತಡೆ’ಯೋ ‘ರದ್ದು’ ಎಂದೋ. ಪರಿಶೀಲನೆಯಲ್ಲಿ ಸಿಗದವರದ್ದು, ಕೆವೈಸಿ ಬಾಕಿ ಇದ್ದವರದ್ದು ತಡೆ. ಬದುಕಿರುವ ಬಗ್ಗೆ ದೃಢೀಕರಣ, ಆಧಾರ್, ಪಾಸ್‌ಬುಕ್ ಕೊಟ್ಟರೆ ಮುಂದುವರಿಯುತ್ತದೆ. ಮೃತ, ವಲಸೆ, ಅನರ್ಹ ಎಂದು ಬರೆದದ್ದು ರದ್ದು. ಅದಕ್ಕೆ ತಹಶೀಲ್ದಾರರಿಗೆ ಲಿಖಿತ ಮನವಿ, ಹೊಸ ತನಿಖೆ. ಪಿಂಚಣಿ ಅದಾಲತ್ ನಡೆಯುವ ದಿನ ವಿಚಾರಿಸಿ ಹೋದರೆ ವಿಎ, ನಿರೀಕ್ಷಕರು, ತಹಶೀಲ್ದಾರರು ಒಂದೇ ಕಡೆ ಸಿಗುತ್ತಾರೆ.

ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ವೇತನ 18 ತುಂಬಿದಾಗ ಸಿಕ್ಕಿಹಾಕಿಕೊಳ್ಳುತ್ತದೆ. ಕಾನೂನಿನ ಕಣ್ಣಿಗೆ ಅವರೀಗ ವಯಸ್ಕರು, ಬ್ಯಾಂಕ್ ಅವರದ್ದೇ ಸಹಿ ಕೇಳುತ್ತದೆ, ತಾಯಿಯ ಸಹಿಗೆ ಹಣ ಕೊಡುವುದಿಲ್ಲ. ಇದಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕತ್ವದ ಪ್ರಮಾಣಪತ್ರ ತರಬೇಕು. ಕೋರ್ಟಿಗೆ ಹೋಗಬೇಕಾಗಿಲ್ಲ, ವಕೀಲರೂ ಬೇಡ. ಬಹುವಿಧ ವೈಕಲ್ಯಕ್ಕೂ ಇದು ಅನ್ವಯ. ಮಾನಸಿಕ ಕಾಯಿಲೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಸಮಿತಿ ಆಗಾಗ ಸೇರುವುದಿಲ್ಲ, ಒಂದು ಸಭೆ ತಪ್ಪಿದರೆ ಮುಂದಿನದಕ್ಕೆ ತಿಂಗಳುಗಳೇ ಬೇಕು. ಹದಿನೇಳೂವರೆಗೇ ಮಗುವಿನ ಯುಡಿಐಡಿ, ಜನ್ಮದಾಖಲೆ, ತಂದೆ–ತಾಯಿ ಇಬ್ಬರ ಆಧಾರ್ ಮತ್ತು ಒಪ್ಪಿಗೆ, ಎಲ್ಲರ ಫೋಟೋ ಒಂದು ಫೈಲಿಗೆ ಸೇರಿಸಿಟ್ಟು, ಹುಟ್ಟುಹಬ್ಬ ಕಳೆದ ವಾರದಲ್ಲೇ ಅರ್ಜಿ ಕೊಟ್ಟುಬಿಡಿ.